ಮಾವನ ಮೇಲ್ ಕಪ್ಪುಪಟ್ಟಿಗೆ ಬಿದ್ದದ್ದು

ಮಾವ ಮಾತು ಕಡಿಮೆ ಮಾಡಿದ್ದಾರೆ ಎಂಬುದನ್ನು ಮೊದಲು ಗಮನಿಸಿದವಳು ಸೊಸೆ. ಹಳೆಯ ರೇಡಿಯೋ ರಿಪೇರಿ ಮಾಡುವ ಮನುಷ್ಯ. ಕೈಯಲ್ಲಿ ಕೆಲಸವಿದ್ದರೆ ರೇಡಿಯೋ ಜೊತೆಗೇ ಹರಟೆಗಿಳಿಯುತ್ತಿದ್ದರು. "ಏನಪ್ಪಾ, ಎಲ್ಲಿ ನೋವು?" ಎಂದು ಕೇಳುತ್ತಲೇ ಅದರ ಬೆನ್ನು ಬಿಚ್ಚುತ್ತಿದ್ದರು. ಈಚೆಗೆ ಮನೆಯ ಮುಂದಿನ ಆ ಪುಟ್ಟ ಅಂಗಡಿಕೋಣೆಯಿಂದ ತಂತಿ ಕತ್ತರಿಸುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟವಳೂ ಸೊಸೆಯೇ. ಗಿರಾಕಿಗಳು ಅದರಲ್ಲಿ ಕೆಟ್ಟ ರೇಡಿಯೋದ ಫೋಟೋ ಹಾಕಿ ಅದರ ಕಾಯಿಲೆ ಬರೆಯುತ್ತಿದ್ದರು. ಮಾವ ಕನ್ನಡಕ ಏರಿಸಿಕೊಂಡು, ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಮೇಲ್ ಮೂಲಕ ಉತ್ತರಿಸುತ್ತಿದ್ದರು. ಎರಡು ಸಾಲು ಸಾಕಾಗುವಲ್ಲಿ ಅರ್ಧ ಪುಟ! "ವಯಸ್ಸಾಗಿದೆ, ಆದರೆ ಗಟ್ಟಿ ಜೀವ. ಧೈರ್ಯವಾಗಿ ಕರೆದುಕೊಂಡು ಬನ್ನಿ." ಈಗ ನೋಡಿದರೆ ಅಂಗಡಿಯತ್ತ ಯಾರ ಸುಳಿವೂ ಇಲ್ಲ. ರಿಪೇರಿಯಾದ ರೇಡಿಯೋಗಳೂ ಗೋಡೆಯ ಹಲಗೆಯ ಮೇಲೇ ಬಿಡಾರ ಹೂಡಿದ್ದವು.

ಒಂದು ಮಧ್ಯಾಹ್ನ ಅವಳು ಇಣುಕಿದಾಗ ಮಾವ ಸ್ಕ್ರೂಡ್ರೈವರುಗಳನ್ನು ಒರೆಸಿ ಒರೆಸಿ ಪೆಟ್ಟಿಗೆಗೆ ತುಂಬುತ್ತಿದ್ದರು.

"ಇದೇನ್ ಮಾವ?"

"ಜನಕ್ಕೇ ಬೇಡ ಅಂದ್ಮೇಲೆ ನಾನ್ಯಾಕೆ ಜೋತು ಬೀಳ್ಲಿ ಮಗಳೇ? ಇಷ್ಟುದ್ದ ಬರೆದ್ರೆ ಹೂಂ ಅನ್ನೋರಿಲ್ಲ, ಉಹೂಂ ಅನ್ನೋರೂ ಇಲ್ಲ."

ಅವಳು ಬಾಯಿ ತೆರೆಯುವಷ್ಟರಲ್ಲಿ ಬೇಕರಿ ನಡೆಸುವ ಅಜ್ಜಿ ಬಾಗಿಲಿಗೆ ಬಂದು ನಿಂತರು. ಮುಖ ಕೆಂಡವಾಗಿತ್ತು.

"ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳಿ! ಎಷ್ಟು ಸಲ ಬರೆಯೋದು ನಾನು? ಬದುಕಿದ್ದೀವಿ ಅಂತಾದ್ರೂ ಒಂದು ಮಾತು ಬೇಡ್ವಾ?"

ಮಾವ ತಬ್ಬಿಬ್ಬಾದರು. "ಅಯ್ಯೋ ತಾಯಿ, ನಿಮ್ಮದು ಯಾವಾಗ್ಲೋ ರೆಡಿ. ಪ್ರತಿ ಸಲಾನೂ ಉತ್ತರ ಹಾಕಿದ್ದೀನಲ್ಲಾ!"

ಹಲಗೆಯಿಂದ ಅವರ ರೇಡಿಯೋ ಇಳಿಸಿ ಗುಂಡಿ ತಿರುಗಿಸಿದರು. ಕೊರ್ರೆಂದು, ಆಮೇಲೆ ಸ್ವಚ್ಛವಾಗಿ, ಯಾರೋ ಹಾಡತೊಡಗಿದರು. ಅಜ್ಜಿಯ ಸಿಟ್ಟು ನಿಂತಲ್ಲೇ ಕರಗಿತು. ರೇಡಿಯೋದ ನೆತ್ತಿ ಸವರುತ್ತಾ, "ನಮ್ಮೆಜಮಾನ್ರು ಹಿಟ್ಟು ನಾದುವಾಗ ಇದನ್ನೇ ಕೇಳ್ತಾ ಇದ್ರು," ಎಂದರು.

ಉತ್ತರ ಹಾಕಿದ್ದೇನೆ ಎನ್ನುವವರೂ ಸುಳ್ಳು ಹೇಳುವವರಲ್ಲ, ಬಂದಿಲ್ಲ ಎನ್ನುವವರೂ ಅಲ್ಲ. ಹಾಗಾದರೆ ಮೇಲ್ ಹೋದದ್ದೆಲ್ಲಿಗೆ? ಅಜ್ಜಿಯನ್ನು ಬೀಳ್ಕೊಟ್ಟು ಸೊಸೆ ಕಂಪ್ಯೂಟರ್ ಮುಂದೆ ಕೂತಳು. ತಾನು ಎಂದೂ ತೆರೆದಿರದ ಒಂದು ಫೋಲ್ಡರಿನಲ್ಲಿ ಮಾವನ ಉತ್ತರಗಳೆಲ್ಲ ತವರಿಗೆ ಮರಳಿದಂತೆ ವಾಪಸ್ ಬಂದು ಬಿದ್ದಿದ್ದವು. ಎಲ್ಲದರ ಮೇಲೂ ಒಂದೇ ಷರಾ: ಕಳಿಸಿದವರ ಸರ್ವರ್ ಕಪ್ಪುಪಟ್ಟಿಯಲ್ಲಿದೆ, ಒಳಗೆ ಬಿಡಲಾಗದು.

ವೆಬ್‌ಸೈಟಿಗೆ ಜಾಗ ಬಾಡಿಗೆ ಕೊಟ್ಟ ಕಂಪನಿಗೆ ಫೋನ್ ಮಾಡಿ, ಜಗಳವಾಡಿ, ವಿಷಯ ತಿಳಿದುಕೊಂಡು ಬುಸುಗುಡುತ್ತಾ ಬಂದಳು.

"ನೋಡಿ ಮಾವ, ನಮ್ಮ ಸೈಟು ಒಂಥರಾ ವಠಾರದಲ್ಲಿದೆ. ನೂರಾರು ಸೈಟಿಗೆ ಒಂದೇ ಸರ್ವರ್, ಒಂದೇ ವಿಳಾಸ. ಅದ್ರಲ್ಲೊಬ್ಬ ಕೂದಲು ಬೆಳೆಸೋ ಮಾತ್ರೆ ಮಾರೋನು. ಊರಿಗೆಲ್ಲಾ ಕಸದ ಮೇಲ್ ಎಸೆದಿದ್ದಾನೆ. ಇಂಥೋರನ್ನ ತಡೆಯೋಕೆ ಕಪ್ಪುಪಟ್ಟಿ ಮಾಡೋರು ಯಾರದ್ದೂ ಅಲ್ಲದ ಖಾಲಿ ವಿಳಾಸಗಳನ್ನ ಬಲೆ ಥರ ಇಟ್ಟಿರ್ತಾರಂತೆ. ಅಲ್ಲಿಗೂ ಮೇಲ್ ಬಂತು ಅಂದ್ರೆ ಕಳ್ಳ ಸಿಕ್ಕಿದ ಹಾಗೆ. ಇವನು ಸಿಕ್ಕಿಬಿದ್ದ, ವಠಾರಕ್ಕೇ ಬೀಗ ಬಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಆ ಪಟ್ಟಿಗಿಷ್ಟು ಬೆಂಕಿ ಹಾಕ!"

ಮಾವ ಗಲ್ಲ ಕೆರೆದುಕೊಂಡರು. "ಅಂದ್ರೆ... ಜನಕ್ಕೆ ನನ್ನ ಮೇಲೆ ಬೇಜಾರಿಲ್ಲ?"

"ನಿಮ್ಮ ಮೇಲೆ ಯಾರಿಗೆ ಮಾವ ಬೇಜಾರು?"

ಅವರ ಮುಖ ಅರಳಿತು. ಆಮೇಲೆ, ನಮಗೂ ಅಂಥ ಕಸ ಬರುತ್ತದೆಯೇ ಎಂದು ಕೇಳಿದರು. ಅವಳು ಸ್ಪ್ಯಾಮ್ ಫೋಲ್ಡರ್ ತೆರೆದು ತೋರಿಸಿದಳು. ಯಾವಳೋ ರಾಜಕುಮಾರಿ ಆಸ್ತಿಯನ್ನೆಲ್ಲ ಮಾವನ ಹೆಸರಿಗೆ ಬರೆದಿದ್ದಳು. ಇನ್ನೊಬ್ಬಳಿಗೆ ಅವರ ಮೇಲೆ ಪ್ರೀತಿ ಹುಟ್ಟಿತ್ತು. ಕೆಳಗೆ ಕೂದಲಿನ ಮಾತ್ರೆ, ಸಾಲುಸಾಲು. ಮಾವ ಬೋಳುತಲೆ ತಡವಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಬೈಬೇಡ ಬಿಡು ಆ ಪಟ್ಟಿಯೋರ್ನ. ಇಷ್ಟೂ ಒಳಗೆ ನುಗ್ಗಿದ್ರೆ ಗಿರಾಕಿ ಬರೆದಿದ್ದನ್ನ ನಾನೆಲ್ಲಿ ಹುಡುಕ್ತಿದ್ದೆ? ಕಾವಲು ಬೇಕು ಕಣಮ್ಮ. ನಮ್ಮನ್ನ ಗುರುತು ಹಿಡೀಲಿಲ್ಲ, ಅಷ್ಟೇ."

ಮಾತ್ರೆಯವನನ್ನು ಹೊರಗಟ್ಟಿ, ಪಟ್ಟಿಯಿಂದ ವಿಳಾಸ ತೆಗೆಸುವುದಾಗಿ ಕಂಪನಿ ಒಪ್ಪಿತು. ಅಲ್ಲಿಯವರೆಗೆ ಮಾವ ಸುಮ್ಮನೆ ಕೂರಲಿಲ್ಲ. ಫೋನ್ ನಂಬರ್ ಕೊಟ್ಟವರಿಗೆಲ್ಲ ಕರೆ ಮಾಡಿ, ಬರೆದ ಮೇಲನ್ನೇ ಒಂದಕ್ಷರ ಬಿಡದೆ ಓದಿ ಹೇಳಿದರು. ಕೆಲವರು ನಕ್ಕರು, ಕೆಲವರು ತಮ್ಮ ಮಂಡಿನೋವನ್ನೂ ಹೇಳಿಕೊಂಡರು. ಹಲಗೆ ಖಾಲಿಯಾಗುತ್ತಾ ಬಂತು. ಸೊಸೆ ದಿನಾ ಕಂಪನಿಯವರ ಬೆನ್ನು ಬಿದ್ದಳು. ಅವಳ ನಂಬರ್ ಕಂಡರೇ ಅವರು "ಇನ್ನೊಂದು ದಿನ ಮೇಡಂ" ಎನ್ನುವಂತಾಯಿತು.

ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಅವಳ ಫೋನ್ ಟಿಂಗೆಂದಿತು. ಅಂಗಡಿಯ ವಿಳಾಸದಿಂದ ಮೇಲ್!

"ಮಗಳೇ, ಇದು ಮುಟ್ಟಿತೇ? ಬೇಕರಿಯಿಂದ ಬಿಸಿ ಬನ್ನು ಬಂದಿದೆ. ನಿನ್ನ ಪಾಲು ತೆಗೆದಿಟ್ಟಿದ್ದೇನೆ. ಆದರೆ ಹೆಚ್ಚು ಹೊತ್ತು ನನ್ನನ್ನು ನಂಬಬೇಡ."

ಒದ್ದೆ ಕೈಯನ್ನು ಬಟ್ಟೆಗೊರೆಸಿಕೊಂಡು ಅವಳು ಬರೆದಳು: "ಮೇಲ್ ಮುಟ್ಟಿತು. ಬನ್ನು ಮುಟ್ಟಬೇಡಿ. ಬಂದೆ."