ಸದ್ದಿಲ್ಲದ ಮೋಟರು

ದೋಣಿಯ ಪೆಟ್ರೋಲ್ ಎಂಜಿನ್ನಿನ ಹಗ್ಗ ಎಳೆದದ್ದೇ ತಡ, ಅಂಗಡಿಯ ಹಿತ್ತಲೆಲ್ಲ ಗುಡುಗಿದಂತಾಯಿತು. ಡ್ರಮ್ಮಿನಲ್ಲಿ ತುಂಬಿಸಿಟ್ಟಿದ್ದ ನೀರು ಎದ್ದು ಹೊರಗೆ ಚೆಲ್ಲಿ, ಶಾಮಣ್ಣನವರ ಪಂಚೆ ಮೊಣಕಾಲವರೆಗೆ ತೊಯ್ದು ತೊಪ್ಪೆಯಾಯಿತು.

“ನಿಲ್ಸಪ್ಪಾ, ನಿಲ್ಸು!” ಅವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕೂಗಿದರು. “ಇದನ್ನ ಹೊಳೆಗೆ ಬಿಟ್ರೆ ಮೀನೆಲ್ಲ ಗಂಟುಮೂಟೆ ಕಟ್ಕೊಂಡು ತಿರುಮಕೂಡಲಿಗೆ ಹೊರಟುಹೋಗ್ತವೆ.”

ಪಕ್ಕದಲ್ಲಿ ನಿಂತಿದ್ದ ಮರಿಸ್ವಾಮಿಗೆ ಮಾತ್ರ ಒಳಗೊಳಗೇ ಖುಷಿಯಾಯಿತು. ಕೇಳಿಸಿತಲ್ಲ! ಇಂಥ ದಪ್ಪ ಸದ್ದು ಅವನಿಗೆ ಇನ್ನೂ ಕೇಳುತ್ತಿತ್ತು. ಕೈಕೊಟ್ಟಿದ್ದು ಸಣ್ಣ, ಚೂಪು ಸದ್ದುಗಳು, ಅವು ಎಷ್ಟೇ ಜೋರಾಗಿದ್ದರೂ. ಸೈಕಲ್ಲಿನ ಗಂಟೆ, ಗುಬ್ಬಿಯ ಚಿಲಿಪಿಲಿ, ಮೊಮ್ಮಗಳ ಕೀಚಲು ದನಿ ಒಂದೊಂದಾಗಿ ಯಾವಾಗಲೋ ಮಾಯವಾಗಿದ್ದವು. ಕಾರ್ಖಾನೆಯಲ್ಲಿ ಬಾಯ್ಲರಿಗೆ ರಿವೆಟ್ ಬಡಿಯುವವರ ಪಕ್ಕದಲ್ಲೇ ನಿಂತು ಫಿಟ್ಟರ್ ಕೆಲಸ ಮಾಡಿದವನ ಕಿವಿ ಇನ್ನೇನಾದೀತು? ಜನರ ಮಾತನ್ನು ಅರ್ಧ ಕೇಳಿ, ಇನ್ನರ್ಧ ಅವರ ತುಟಿ ನೋಡಿ ಸರಿದೂಗಿಸುತ್ತಿದ್ದ. ಅದೂ ಆಗದಿದ್ದರೆ ‘ಹೂಂ’ ಅಂದುಬಿಡುತ್ತಿದ್ದ. ‘ಹೂಂ’ ಅಂದರೆ ಲೋಕದಲ್ಲಿ ಮುಕ್ಕಾಲು ಮಾತಿಗೆ ಸಾಕಾಗುತ್ತದೆ.

ಇದು ಯಾರಿಗೂ ಗೊತ್ತಾಗಬಾರದಿತ್ತು. ಹೆಂಡತಿ ಬೆಟ್ಟಮ್ಮನಿಗಂತೂ ಸುತರಾಂ ಗೊತ್ತಾಗಬಾರದಿತ್ತು. ಹಿಂದಿನ ಮಳೆಗಾಲದಲ್ಲಿ ಹೊಳೆದಂಡೆಯ ಕೆಂಚಮ್ಮನ ಗಂಡ ಬಲೆ ಹಾಕುತ್ತಿದ್ದಾಗ ನೀರು ಏರಿತ್ತು. ದಡದವರೆಲ್ಲ ಗಂಟಲು ಹರಿಯುವಂತೆ ಕೂಗಿದರೂ ಆ ಕಿವುಡನಿಗೆ ಕೇಳಿಸಲಿಲ್ಲ. ಅವನ ತಿಥಿಗೆ ಹೋಗಿ ಬಂದ ಬೆಟ್ಟಮ್ಮ ಚಪ್ಪಲಿ ಬಿಡುವ ಮೊದಲೇ ಹೇಳಿದ್ದಳು: “ನಿಮ್ ಕಿವಿ ಮಂದ ಆಗದೆ ಅಂತ ನಂಗೆ ಗೊತ್ತಾದ್ರೆ, ಅವತ್ತಿಗೇ ಹೊಳೆ ಸಾವಾಸ ಬುಟ್ರಿ ಅಂದ್ಕಳಿ.” ಮರಿಸ್ವಾಮಿ ದೇವರ ಪಟದ ಮುಂದೆ ನಿಂತು ಕಿವಿ ಚುರುಕಾಗಿದೆ ಎಂದು ಆಣೆ ಇಟ್ಟಿದ್ದ. ಸುಳ್ಳಾಣೆ. ಆದರೆ ಭಾನುವಾರದ ಹೊಳೆಯನ್ನೂ ಬಿಟ್ಟು ಅವನು ಬದುಕುವುದಾದರೂ ಯಾತಕ್ಕೆ? ಅಲ್ಲಿ ಮಾತೇ ಬೇಡ. ಗಾಳ ಬಿಟ್ಟವರು ಬಾಯಿ ಮುಚ್ಚಿಕೊಂಡಿರಬೇಕು. ಅಲ್ಲಿ ಎಲ್ಲರೂ ಕಿವುಡರೇ.

ಶಾಮಣ್ಣನವರಿಗೂ ಒಂದು ಗುಟ್ಟಿತ್ತು. ಅರಮನೆ ಕಚೇರಿಯಿಂದ ಪಿಂಚಣಿ ಪಡೆದು ಜಯಲಕ್ಷ್ಮಿಪುರಂನಲ್ಲಿದ್ದ ಈ ಅಯ್ಯಂಗಾರರಿಗೆ ಮೀನು ತಿನ್ನುವುದು ಬೇಡ, ಹಿಡಿಯುವುದು ಬೇಕು. ಚಿಕ್ಕಂದಿನಲ್ಲಿ ಹತ್ತಿದ ಹುಚ್ಚು. ಗಂಡ ಭಾನುವಾರ ಬೆಳಗಿನ ರೈಲಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗುವುದು ಹೊಳೆಸ್ನಾನಕ್ಕೆ, ರಂಗನಾಥನ ದರ್ಶನಕ್ಕೆ ಎಂದೇ ಅಲಮೇಲಮ್ಮ ನಂಬಿದ್ದರು. ಸ್ನಾನವೂ ಆಗುತ್ತಿತ್ತು, ದರ್ಶನವೂ ಆಗುತ್ತಿತ್ತು, ಸುಳ್ಳೇನಲ್ಲ. ಆಮೇಲೆ ಶಾಮಣ್ಣ ಹುಣಸೆಹಣ್ಣಿನಲ್ಲಿ ಕೈ ಉಜ್ಜಿ ತೊಳೆದು, ತುಳಸಿ ಪ್ರಸಾದ ಹಿಡಿದು ಮನೆಗೆ ಹೋಗುತ್ತಿದ್ದರು. ಮೀನು ಬೆಟ್ಟಮ್ಮನ ಅಡಿಗೆಮನೆಗೆ ಹೋಗುತ್ತಿತ್ತು. ಇಷ್ಟು ವರ್ಷವಾದರೂ ಮರಿಸ್ವಾಮಿ ಈ ವಿಷಯವನ್ನು ಯಾರೊಡನೆಯೂ ಆಡಿರಲಿಲ್ಲ.

ದೋಣಿ ಮರಿಸ್ವಾಮಿಯೇ ಹಲಗೆ ಜೋಡಿಸಿ ಮಾಡಿದ್ದು; ಹುಟ್ಟು ಹಾಕುತ್ತಿದ್ದವನೂ ಅವನೇ. ಹರ್ನಿಯಾ ಆಪರೇಷನ್ ಆದ ಮೇಲೆ ಡಾಕ್ಟರು ಹುಟ್ಟು ಮುಟ್ಟಕೂಡದು ಎಂದಿದ್ದರು. “ಹೋಗ್ಲಿ ಬಿಡಯ್ಯಾ, ಮೋಟರ್ ಹಾಕ್ಸೋಣ. ನೀನು ಹಾಯಾಗಿ ಕೂತ್ಕೊಂಡು ತಿರುಗಿಸು,” ಎಂದು ಶಾಮಣ್ಣ ಅವನನ್ನು ದೇವರಾಜ ಮೊಹಲ್ಲಾಕ್ಕೆ, ಹಳೇ ಸಾಮಾನು ಮಾರುವ ಅನಂತಪದ್ಮನಾಭನ ಅಂಗಡಿಗೆ ಕರೆತಂದಿದ್ದರು. ಯಾದವಗಿರಿಯ ಬಂಗಲೆಯೊಂದನ್ನು ಖಾಲಿ ಮಾಡಿಕೊಂಡು ಅಮೆರಿಕಕ್ಕೆ ಹೊರಟ ಸಾಹೇಬನೊಬ್ಬ ದೋಣಿಯ ಮೋಟರುಗಳನ್ನೆಲ್ಲ ಅಲ್ಲಿಗೆ ಹಾಕಿಹೋಗಿದ್ದ.

“ಸದ್ದು ಬೇಡ ಅಂದ್ರೆ ಇವೆರಡು ನೋಡಿ, ಕರೆಂಟಿನವು,” ಎಂದ ಅನಂತಪದ್ಮನಾಭ. “ಕಾರಿನ ಬ್ಯಾಟರಿಗೆ ವೈರ್ ಸಿಕ್ಕಿಸಿದ್ರೆ ಸಾಕು. ಹೊಗೆ ಇಲ್ಲ, ವಾಸನೆ ಇಲ್ಲ.”

ಒಂದು ಹಸಿರು ಬಣ್ಣದ್ದು, ಹಗುರವಾಗಿ ತಗಡಿನ ಡಬ್ಬಿಯಂತಿತ್ತು. ಇನ್ನೊಂದು ಕಪ್ಪಗೆ, ಎರಕದ ಮೈಯ ಭಾರಿ ಮೋಟರು. ಹಸಿರನ್ನು ಡ್ರಮ್ಮಿಗಿಳಿಸಿ ಸ್ವಿಚ್ ಒತ್ತಿದಾಗ ನೀರು ಸುಮ್ಮನೆ ಸುಳಿ ತಿರುಗಿತು. ಶಾಮಣ್ಣನವರ ಮುಖ ಅರಳಿತು.

“ಇದು ಪರವಾಗಿಲ್ಲ ಕಣಯ್ಯಾ. ಏನಂತೀಯ?”

“ತಗಡು ಸ್ವಾಮಿ. ಒಂದು ಬಂಡೆ ತಗುಲುದ್ರೆ ಮುಗೀತು ಇದ್ರ ಕತೆ. ಆ ಕರೀದನ್ನ ಓಡ್ಸಿ ನೋಡಾನ.”

ಕಪ್ಪು ಮೋಟರಿನ ಸ್ವಿಚ್ ಒತ್ತಿದರು. ಗೋಣಿಚೀಲದ ಮೇಲೆ ಮಲಗಿದ್ದ ಬೆಕ್ಕು ಚಂಗನೆ ಎದ್ದು ಗೋಡೆ ಹಾರಿ ಹೋಯಿತು. ಮರಿಸ್ವಾಮಿ ಅದನ್ನು ನೋಡಿದ. ಬೆಕ್ಕಿಗೆ ಇಲಿ ಕಂಡಿರಬೇಕು. ಕಾರ್ಖಾನೆಯಲ್ಲಿ ಮಾಡುತ್ತಿದ್ದಂತೆ ಕತ್ತು ಓರೆ ಮಾಡಿ, ಕಣ್ಣು ಅರೆಮುಚ್ಚಿ, ಬಲಗಿವಿಯನ್ನು ಮೋಟರಿನ ಹತ್ತಿರ ತಂದ. ಏನೂ ಇಲ್ಲ. ದೇವಸ್ಥಾನದ ಗರ್ಭಗುಡಿಯ ಮುಂದೆ ನಿಂತಷ್ಟು ನಿಶ್ಶಬ್ದ.

“ಬೆಣ್ಣೆ ಕಣ್ರೀ ಇದು, ಬೆಣ್ಣೆ!” ಎಂದ. “ಒಂಚೂರೂ ಸದ್ದಿಲ್ಲ. ಆ ಹಸುರುದಕ್ಕಿಂತ ಇದೇ ಎಷ್ಟೋ ವಾಸಿ.”

ಅನಂತಪದ್ಮನಾಭನ ಬಾಯಿ ತೆರೆದುಕೊಂಡಿತು. ಅವನು ಏನೋ ಹೇಳಲು ಹೊರಟ. ಶಾಮಣ್ಣ ಅವನ ತೋಳು ಹಿಡಿದು ಒತ್ತಿದರು. ಚೌಕಾಸಿ ಶುರುವಾಯಿತು ಎಂದುಕೊಂಡ ಮರಿಸ್ವಾಮಿ. ಶಾಮಣ್ಣ ಇವನ ಕಡೆ ತಿರುಗಿ ತುಂಬ ಹೊತ್ತು ನೋಡಿದರು.

“ಯಾಕ್ ಸ್ವಾಮಿ ಅಂಗ್ ನೋಡ್ತೀರಿ?”

“ಏನಿಲ್ಲ ಕಣಯ್ಯಾ,” ಎಂದರು ಶಾಮಣ್ಣ, ತುಟಿ ಬಿಡಿಸಿ ಬಿಡಿಸಿ. “ಅನಂತಪದ್ಮನಾಭ, ಕಪ್ಪಗಿರೋದನ್ನೇ ಕಟ್ಟಿಸಪ್ಪ. ಮೆಷೀನ್ ವಿಷಯದಲ್ಲಿ ಮರಿಸ್ವಾಮಿ ಮಾತು ಅಂದ್ರೆ ಮಾತು.”

ಮರಿಸ್ವಾಮಿ ಎದೆಯುಬ್ಬಿಸಿಕೊಂಡು ಮೋಟರನ್ನು ಮನೆಗೆ ತಂದ.

ಮೊದಲ ಭಾನುವಾರ ದೋಣಿಯಲ್ಲಿ ಕೂರುವ ಮೊದಲು ಶಾಮಣ್ಣ ಜೇಬಿನಿಂದ ಹತ್ತಿ ತೆಗೆದು ಎರಡೂ ಕಿವಿಗೆ ತುರುಕಿಕೊಂಡರು. ಮಾಘದ ಚಳಿ. “ತಂಡಿ ಗಾಳಿ ಆಗೋಲ್ಲ ಕಣಯ್ಯಾ, ವಯಸ್ಸಾಯ್ತು,” ಎಂದರು. ಮರಿಸ್ವಾಮಿ ಹಿಂಬದಿಯ ಹಲಗೆಯ ಮೇಲೆ ಕುಳಿತು ಮೋಟರು ಹಾಕಿದ. ದೋಣಿ ನೀರನ್ನು ಸೀಳಿಕೊಂಡು ಮೆಲ್ಲಗೆ ಸಾಗಿತು. ಮುಂದುಗಡೆ ಇವನಿಗೆ ಬೆನ್ನು ಹಾಕಿ ಕುಳಿತ ಶಾಮಣ್ಣ ಗಾಳ ಇಳಿಬಿಟ್ಟರು. ಕೊಕ್ಕೆಯಲ್ಲಿ ಬೆಟ್ಟಮ್ಮ ಗಟ್ಟಿಯಾಗಿ ನಾದಿಕೊಟ್ಟ ರಾಗಿಮುದ್ದೆ. ಬಿಳಿಮೀನಿಗೆ ಅದೆಂದರೆ ಪ್ರಾಣ.

ಆದರೆ ಬಿಳಿಮೀನು ಬರಲಿಲ್ಲ. ಮರುವಾರವೂ ಬರಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ನೆತ್ತಿ ಸುಡತೊಡಗಿದರೂ ಒಂದು ಸಣ್ಣ ಮರಿಯೂ ಮುದ್ದೆಯನ್ನು ಮೂಸಿ ನೋಡಲಿಲ್ಲ. ಶಾಮಣ್ಣ ಒಂದು ದಿನವೂ ಗೊಣಗಲಿಲ್ಲ. ಬೆವರು ಒರೆಸಿಕೊಳ್ಳುತ್ತ, ಕಿವಿಗೆ ಹತ್ತಿ ಇಟ್ಟುಕೊಂಡು ಕೂತೇ ಇದ್ದರು. ಮಸಾಲೆ ಅರೆದಿಟ್ಟು ಕಾಯುತ್ತಿದ್ದ ಬೆಟ್ಟಮ್ಮ ಮಾತ್ರ ಸುಮ್ಮನಿರಲಿಲ್ಲ.

“ಅದೇನ್ ಮೋಟ್ರು ತಂದ್ರೋ! ಆ ಮೀನ್ಗಳೂ ಶಾಮಣ್ಣೋರಂಗೆ ಮಡಿ ಉಟ್ಕಂಬುಟ್ವಾ?”

ಆ ಮಾತು ಮರಿಸ್ವಾಮಿಯನ್ನು ಚುಚ್ಚಿತು. ಅವನು ಆರಿಸಿದ ಮೋಟರು. ತಪ್ಪು ಎಲ್ಲಿದೆ?

ಮುಂದಿನ ಭಾನುವಾರ ಸ್ಕ್ರೂಡ್ರೈವರು ಸಂಗಡ ತಂದ. ನಡುಹೊಳೆಗೆ ಬಂದಾಗ, ಮೋಟರು ಓಡುತ್ತಿರುವಾಗಲೇ ಅದರ ಮೈಮೇಲೆ ಅಂಗೈ ಇಟ್ಟು ನೋಡಿದ. ಏನೋ ಒರಟು ನಡುಕ ಕೈಗೆ ಹತ್ತಿತು. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲೆ ಊರಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದ. ಗದ್ದಲದ ಕಾರ್ಖಾನೆಯಲ್ಲಿ ಯಂತ್ರದ ರೋಗ ಹಿಡಿಯುವ ಹಳೆಯ ಉಪಾಯ ಅದು.

ಹಲ್ಲೆಲ್ಲ ಜುಮ್ಮೆಂದಿತು. ಮರಳು ಅರೆಯುವಂಥ ಕೊರೆತ ದವಡೆ ಹತ್ತಿ ತಲೆಬುರುಡೆಗೆ ಏರಿತು. ಬೇರಿಂಗು ಒಣಗಿ ಹೋಗಿತ್ತು. ಇಂಥ ಬೇರಿಂಗು ಹೇಗೆ ಕಿರಿಚುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅರ್ಧ ಮೈಲಿಗೆ ಕೇಳಿಸುತ್ತದೆ. ಕಿವಿಯಿದ್ದ ಕಾಲದಲ್ಲಿ ಇಂಥ ಸದ್ದು ಬಂದರೆ ಅವನೇ ಹುಡುಗರಿಗೆ ಬೈದು ಮೆಷೀನು ನಿಲ್ಲಿಸುತ್ತಿದ್ದ.

ಗೋಡೆ ಹಾರಿದ ಬೆಕ್ಕು ನೆನಪಾಯಿತು. ಅನಂತಪದ್ಮನಾಭನ ತೆರೆದ ಬಾಯಿ ನೆನಪಾಯಿತು. ಕಣ್ಣೆದುರಿಗೆ ಶಾಮಣ್ಣನವರ ಬೆವೆತ ಬೆನ್ನು, ಎರಡು ಕಿವಿಯಿಂದಲೂ ಇಣುಕುವ ಹತ್ತಿ. ಇಷ್ಟು ಭಾನುವಾರವೂ ಆ ಮನುಷ್ಯ ಈ ಕಿರಿಚಾಟವನ್ನು ಕೇಳಿಕೊಂಡು ಕೂತಿದ್ದಾರೆ. ಮೀನು ಬರುವುದಿಲ್ಲ ಎಂದು ಗೊತ್ತಿದ್ದೂ ಗಾಳ ಬಿಟ್ಟುಕೊಂಡು ಕೂತಿದ್ದಾರೆ. ಮರಿಸ್ವಾಮಿಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಸ್ವಿಚ್ ಆರಿಸಿಬಿಟ್ಟ.

ಶಾಮಣ್ಣ ಒಂದು ಕಿವಿಯ ಹತ್ತಿ ತೆಗೆದರು. ಅರ್ಧ ತಿರುಗಿ ಏನೋ ಅಂದರು. ಅವರ ಹಿಂದೆ ಬಿಸಿಲು ಝಗಝಗಿಸುತ್ತಿತ್ತು, ತುಟಿ ಕಾಣಲಿಲ್ಲ. ‘ಹೂಂ’ ಎನ್ನುವುದು ಮರಿಸ್ವಾಮಿಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

“ಕೇಳುಸ್ನಿಲ್ಲ ಶಾಮಣ್ಣೋರೇ,” ಎಂದ. “ನಂಗೆ ಕಿವಿ ಕೇಳಾಕಿಲ್ಲ. ಜೋರಾಗಿ ಯೋಳಿ.”

ಶಾಮಣ್ಣ ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದರು.

“ಸದ್ಯ, ನಿಲ್ಲಿಸಿದ್ಯಲ್ಲಾ ಪುಣ್ಯಾತ್ಮಾ, ಅಂದೆ!”

ನಡುಗಡ್ಡೆಯ ಮರದ ಮೇಲಿದ್ದ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ಮರಿಸ್ವಾಮಿ ಅವನ್ನೇ ನೋಡಿದ. ಆಮೇಲೆ ಕೆಳಗೆ ನೋಡುತ್ತ ಕೇಳಿದ:

“ಬೆಟ್ಟಿಗೆ ಯೋಳ್ತೀರಾ?”

ಶಾಮಣ್ಣ ಉತ್ತರ ಕೊಡುವ ಮೊದಲು ಹಿಂದಕ್ಕೆ ಬಾಗಿ, ಕೈ ಚಾಚಿ ಅವನ ಮೊಣಕಾಲು ತಟ್ಟಿ, ಅವನು ಮುಖ ಎತ್ತುವವರೆಗೆ ಕಾದರು.

“ಅಲಮೇಲುಗೆ ನೀನು ಹೇಳಿದ್ದೀಯೇನಯ್ಯಾ? ಆ ಮೋಟರಿಗೆ ಗ್ರೀಸು ಹಾಕು ಮೊದ್ಲು.”

ಗಾಳದ ದಾರ ಸುತ್ತಿಟ್ಟು, ಪಂಚೆ ಎತ್ತಿ ಕಟ್ಟಿ, ದೋಣಿ ಓಲಾಡುತ್ತಿದ್ದಂತೆ ಹಲಗೆಯ ಈಚೆಗೆ ಒಂದೊಂದೇ ಕಾಲು ದಾಟಿಸಿದರು. ಮರಿಸ್ವಾಮಿಗೆ ಎದುರಾಗಿ ಕುಳಿತರು. ದೋಣಿಯ ತಳದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಹುಟ್ಟುಗಳನ್ನು ಎತ್ತಿಕೊಂಡರು. ಅವರಿಗೆ ಅಭ್ಯಾಸವಿರಲಿಲ್ಲ, ಒಂದು ಹುಟ್ಟು ಆಳಕ್ಕೆ ಹೋದರೆ ಇನ್ನೊಂದು ನೀರನ್ನು ಎರಚಿತು, ದೋಣಿ ಸೊಟ್ಟಸೊಟ್ಟಗೆ ತಿರುಗಿತು.

“ಎಡಗೈ ಮೆತ್ತಗೆ, ಸ್ವಾಮಿ,” ಎಂದ ಮರಿಸ್ವಾಮಿ.

ಕೆಂಚಮ್ಮನ ಗಂಡ ನೆನಪಾದವರಂತೆ ಶಾಮಣ್ಣ ಅವನ ತಲೆಯ ಮೇಲಿನಿಂದ ಹೊಳೆಯ ಮೇಲ್ಗಡೆಗೆ ಒಮ್ಮೆ ಕಣ್ಣಾಡಿಸಿ, ನೀರು ಇದ್ದಷ್ಟೇ ಇದೆ ಎಂಬಂತೆ ತಲೆಯಾಡಿಸಿದರು. ಆಮೇಲೆ ಮತ್ತೆ ಹುಟ್ಟು ಹಾಕಿದರು.