ತಂತಿಯ ಮೇಲಿನ ಹಡಗು

ಒದ್ದೆ ಹೊದಿಕೆಯ ಒಂದು ತುದಿಗೆ ಕ್ಲಿಪ್ಪು ಬಿದ್ದಿದೆ, ಇನ್ನೊಂದು ತುದಿ ಕೈಯಲ್ಲೇ ಇದೆ, ಗಾಳಿ ಅದನ್ನು ಉಬ್ಬಿಸಿ ಇಳಿಸಿ ಮತ್ತೆ ಉಬ್ಬಿಸುತ್ತಿದೆ, ನೀರು ಮಣಿಕಟ್ಟಿನಿಂದ ಸ್ವೆಟರಿನ ತೋಳಿನೊಳಕ್ಕೆ ಇಳಿಯುತ್ತಿದೆ, ಜನವರಿಯಲ್ಲಿ ಐರ್ಲೆಂಡಿನ ಈ ಬಂದರೂರು ರಿಂಗಾಸ್ಕಿಡಿಗೆ ಇಂಥ ಒಣಗಾಳಿ ಬರುವುದೇ ಅಪರೂಪ, ಗ್ರೇಟ್ ಡ್ರೈಯಿಂಗ್ ಟುಡೇ ಅಂತ ಗೋಡೆಯಾಚೆಯಿಂದ ಕೂಗಬೇಕಾದ ಡೆನ್ನಿ ಇಲ್ಲ, ಮಂಗಳವಾರದಿಂದ ಇಲ್ಲ — ಅವರ ಜಾಕೆಟ್ಟು ಮಾತ್ರ ಇದೆ, ಅದರೊಳಗೆ ಅವರ ಹೆಂಡತಿ ನೋರಾ ಇದ್ದಾರೆ, ಮಾಸ್ಕಿನ ಮೇಲೆ ಎರಡು ಕೆಂಪು ಕಣ್ಣು. ನಿಸರ್ಗಾ, ಲವ್, ಬೈಬೇಡ ಕಣೆ, ನಿನ್ ನಂಬರು ರೇಡಿಯೋದವರಿಗೆ ಕೊಟ್ಟುಬಿಟ್ಟೆ, ಹನ್ನೊಂದಕ್ಕೆ ಫೋನ್ ಮಾಡ್ತಾರೆ, ಆ ಹಾಡಿನ ಬಗ್ಗೆ, ನಿಮ್ಮಜ್ಜಿ ಬಗ್ಗೆ ಎರಡು ಮಾತು ಹೇಳಿದ್ರೆ ಸಾಕು, ನಂಗೆ ಬಾಯೇ ಬರ್ತಾ ಇಲ್ಲ. ಆಯ್ತು ನೋರಾ, ಎಂದಳು, ಬೇರೇನು ಹೇಳುವುದು, ಎರಡು ಮೀಟರ್ ದೂರದಲ್ಲಿ ನಿಂತು ಗಂಡ ಸತ್ತವಳ ಕೈಯನ್ನೂ ಹಿಡಿಯುವಂತಿಲ್ಲ, ಒಂದು ಪಾತ್ರೆ ಅನ್ನಸಾರನ್ನು ಗೋಡೆಯ ಮೇಲಿಟ್ಟು ಹಿಂದೆ ಸರಿಯಬೇಕು, ಅವರು ಮುಂದೆ ಬಂದು ತೆಗೆದುಕೊಳ್ಳಬೇಕು, ದೇವರಿಗೆ ಎಡೆಯಿಟ್ಟ ಹಾಗೆ. ನಾಳೆ ಮಣ್ಣಿಗೆ ಮುಂಚೆ ಚರ್ಚಿಗೆ ಹತ್ತೇ ಜನವಂತೆ. ಬದುಕಿದ್ದಾಗ ಐವತ್ತು ಜನಕ್ಕಿಂತ ಕಮ್ಮಿ ಇದ್ರೆ ಗಿಟಾರ್ ಬಿಚ್ತಾನೇ ಇರ್ಲಿಲ್ಲ ನಮ್ ಡೆನ್ನಿ, ಈಗ ನೋಡು, ಹತ್ತೇ ಟಿಕೆಟ್ಟು — ಎಂದು ನಕ್ಕರು ನೋರಾ, ನಗು ಮಾಸ್ಕಿನೊಳಗೇ ಎಲ್ಲೋ ಒದ್ದೆಯಾಯಿತು, ಒಳಗೆ ಹೋದರು. ಈಗ ಹತ್ತು ಗಂಟೆ. ಹೊದಿಕೆ ಇನ್ನೂ ಕೈಯಲ್ಲೇ ಇದೆ.

ಅಡುಗೆಮನೆಯ ಕಿಟಕಿಯಲ್ಲಿ ರೇಡಿಯೋ ಬೆಳಗಿನಿಂದ ಅವರನ್ನೇ ಹೇಳುತ್ತಿದೆ, ಡೆನ್ನಿ ಟ್ವೂಮಿ, ಬಂದರಿನ ಲಾರಿ ಡ್ರೈವರ್, ಮೀನು ಹೆಚ್ಚುತ್ತ ಹಾಡುತ್ತಿದ್ದ ತಾಯಿಯ ಮಗ, ಹದಿನಾರಕ್ಕೆ ಸ್ಟಿಯರಿಂಗು, ಹದಿನೇಳಕ್ಕೆ ಗಿಟಾರು, ಎಪ್ಪತ್ತರ ದಶಕದಲ್ಲಿ ಊರೂರಿನ ಡ್ಯಾನ್ಸ್ ಹಾಲುಗಳು, ಲಂಡನ್ನಿನಲ್ಲಿ ಐರಿಷ್ ಕೂಲಿಗಳ ಮುಂದೆ, ಬಾಸ್ಟನ್ನಿನಲ್ಲಿ ಒಂದು ಚಳಿಗಾಲ, ಯಾರೂ ಕೊಳ್ಳದ ಎರಡು ರೆಕಾರ್ಡು, ಆಮೇಲೆ ಮೂವತ್ತು ವರ್ಷ ಬರೀ ಮದುವೆಮನೆಗಳು — ರೇಡಿಯೋ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸುತ್ತದೆ, ಮೂವತ್ತು ವರ್ಷ ಎನ್ನಲು ಅರ್ಧ ನಿಮಿಷವೂ ಬೇಡ. ಅದಕ್ಕೆ ಗೊತ್ತಿಲ್ಲ, ಅವರು ಲಾರಿಯ ಡೆಲಿವರಿ ಚೀಟಿಗಳ ಹಿಂದೆ ಹಾಡು ಬರೆಯುತ್ತಿದ್ದರು, ಬರೆದದ್ದನ್ನು ಮೊದಲು ನಾಯಿಯ ಮುಂದೆ ಹಾಡುತ್ತಿದ್ದರು, ನಾಯಿ ಎದ್ದು ಹೋದರೆ ಆ ಸಾಲು ಸರಿಯಿಲ್ಲ, ಹೊಡೆದುಹಾಕು ಗರ್ಲ್, ನಾಯಿಗೆ ಸುಳ್ಳು ಬೇಗ ಗೊತ್ತಾಗುತ್ತೆ. ಅದನ್ನು ಅವಳಿಗೆ ಯಾಕೆ ಹೇಳುತ್ತಿದ್ದರು. ಬಟ್ಟೆ ಒಣಹಾಕುವ ಪಕ್ಕದ ಮನೆಯ ಹೆಂಗಸಿಗೆ, ಯಾವ ಹಾಡನ್ನೂ ಕಟ್ಟದವಳಿಗೆ — ಕಟ್ಟದವಳೆಂದು ಅವರು ತಿಳಿದಿದ್ದವಳಿಗೆ. ಅರವತ್ತೆಂಟರ ವಯಸ್ಸಿನಲ್ಲಿ, ಗಂಟಲು ತುಕ್ಕು ಹಿಡಿದ ಮೇಲೆ, ಎಂದು ರೇಡಿಯೋ ದನಿ ತಗ್ಗಿಸುತ್ತಿದೆ, ಒಂದು ಪುರಾತನ ಭಾರತೀಯ ಜನಪದ ಗೀತೆ ಅವರಿಗೆ ಎರಡನೇ ಜನ್ಮ ಕೊಟ್ಟಿತು, ತಲೆಯ ಮೇಲೆ ಸೌದೆ ಹೊತ್ತ ಹಳ್ಳಿಯ ಅಜ್ಜಿಯೊಬ್ಬಳು ಹಡಗನ್ನು ಕಂಡು ಹಾಡಿದ್ದು — ಗಿಟಾರು, ಆ ಒರಟು ದನಿ, ಇಂಗ್ಲಿಷಿನಲ್ಲಿ ನಿಸರ್ಗಾಳದೇ ಧಾಟಿ.

ಸೌದೆಯಲ್ಲ. ಸೌದೆ ಎಲ್ಲಿ ಬಂತು. ಒದ್ದೆ ಸೀರೆಯ ಮೇಲೆ ಹಾದುಹೋಗುವ ಹಡಗೇ, ನಿಂತು ಹೋಗೇ ಒಂದು ಗಳಿಗೆ, ಹೊರೆಯಿಳಿಸಿ ಬರುವೆ ನಾನು, ಹೊರೆಯಿಳಿಸಿ ಬರುವೆ — ಎಂಟು ವರ್ಷದ ಮೇಲಾಯಿತು, ಇದೇ ತಂತಿ, ಇದೇ ಕಂಬ, ತಂತಿಯ ಮೇಲೆ ಅತ್ತೆಯ ಹಸಿರು ಸೀರೆ, ನಿಸರ್ಗಾಗೆ ಏಳು ತಿಂಗಳು, ಗಂಡ ಸಂಪತ್‌ಗೆ ಔಷಧಿ ಕಾರ್ಖಾನೆಯಲ್ಲಿ ಹನ್ನೆರಡು ಗಂಟೆಯ ಪಾಳಿ, ಅವಳ ವೀಸಾದಲ್ಲಿ ಕೆಲಸಕ್ಕೆ ಅನುಮತಿಯಿಲ್ಲ, ನಲವತ್ತು ದಿನದಿಂದ ಮಳೆ ಬಿಟ್ಟರೆ ಯಾರೂ ಅವಳ ಹತ್ತಿರ ಮಾತಾಡಿಲ್ಲ, ಅತ್ತೆ ಮಾತಾಡಿದ್ದು ಮಾತಲ್ಲ, ಹುಳಿಗೆ ಉಪ್ಪು ಸಾಲ್ದು, ಬಸುರಿ ಹೆಂಗ್ಸು ಹೊಸ್ಲು ಮೇಲೆ ನಿಲ್ಬಾರ್ದು — ಆಗ ಎರಡು ಮನೆಗಳ ನಡುವಿನ ಕಿಂಡಿಯಲ್ಲಿ ಫ್ರಾನ್ಸಿಗೆ ಹೋಗುವ ಬಿಳಿ ಹಡಗು ಬಂತು, ಕಡಲು ಕಾಣದು, ಹಡಗಷ್ಟೇ ಕಾಣುವುದು, ಸೀರೆಯ ಮೇಲೆ, ತಂತಿಯ ಮೇಲೆ, ದೊಂಬರ ಹುಡುಗಿಯ ಹಾಗೆ ಮೆಲ್ಲಗೆ ನಡೆದು ಹೋಯಿತು. ಬಾಯಿಗೆ ಬಂದದ್ದನ್ನು ಹಾಡಿಕೊಂಡಳು. ಮರುದಿನವೂ ಹಾಡಿಕೊಂಡಳು. ಗೋಡೆಯಾಚೆ ಡೆನ್ನಿಯ ಟೊಪ್ಪಿಗೆ ಎದ್ದಿತು. ವಾಟ್ಸ್ ದ್ಯಾಟ್, ಗರ್ಲ್, ಯಾರದು ಆ ಹಾಡು? ಅತ್ತೆ ಸಾವಿತ್ರಮ್ಮ ಸ್ಟೂಲಿನ ಮೇಲೆ ಕುಳಿತು ಬೀನ್ಸ್ ನಾರು ತೆಗೆಯುತ್ತಿದ್ದರು, ಕೈ ನಿಲ್ಲಿಸಿ ನೋಡಿದರು, ಏನಂತೆ ಆ ಯಜಮಾನ್ರದ್ದು? ನಂದು ಎನ್ನುವುದು ಹೇಗೆ. ಹೊಟ್ಟೆಯ ಕೂಸನ್ನು ಇಳಿಸಿಟ್ಟು ಹಡಗು ಹತ್ತಿ ಹೋಗಬೇಕೆಂದು ಹಾಡು ಕಟ್ಟಿದ್ದೀನಿ ಎನ್ನುವುದು ಹೇಗೆ, ಸೀಮಂತಕ್ಕೆ ತಂದ ಹಸಿರು ಬಳೆ ಕೈಯಲ್ಲಿರುವಾಗ. ನಮ್ಮಜ್ಜಿ ಹಾಡು, ಅಕ್ಕಮ್ಮ ಅಂತ, ಎಂದುಬಿಟ್ಟಳು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ, ಎರಡು ಭಾಷೆಯಲ್ಲೂ ಒಂದೇ ಸುಳ್ಳು. ಡೆನ್ನಿ ಸಾಲುಗಳ ಅರ್ಥ ಕೇಳಿ ಚೀಟಿಯ ಹಿಂದೆ ಬರೆದುಕೊಂಡರು. ಅತ್ತೆ ಮತ್ತೆ ಬೀನ್ಸಿಗೆ ಕೈ ಹಾಕಿದರು. ಅಕ್ಕಮ್ಮನೋ, ಚಳ್ಳಕೆರೆಯ ಎಣ್ಣೆಗಿರಣಿಯಲ್ಲಿ ಕಡಲೆಕಾಯಿ ಸುಲಿದು ಹೆಬ್ಬೆರಳು ಸವೆಸಿಕೊಂಡವಳು, ಮೊಮ್ಮಗಳು ಗುನುಗಿದರೆ ಸಿಪ್ಪೆ ಎಸೆಯುತ್ತಿದ್ದವಳು, ಹಾಡ್ತಾ ಕೂತ್ರೆ ಕಾಯಿ ಸುಲಿಯೋರ್ಯಾರೇ ನಿಮ್ಮಪ್ಪಾನ? — ಅವಳ ಹೆಸರು ಈಗ ಡೆನ್ನಿಯ ಡಿಸ್ಕಿನ ಮೇಲಿದೆ, ಪಾಪ, ಪ್ರಾಮಾಣಿಕ ಮನುಷ್ಯ, ಮೊದಲ ಡಿಸ್ಕನ್ನು ಗೋಡೆಯ ಮೇಲಿಂದಲೇ ಕೊಟ್ಟರು, ನೋಡು, ಸಂಪ್ರದಾಯದ ಹಾಡು, ಅಕ್ಕಮ್ಮನಿಂದ ಬಂದದ್ದು ಅಂತ ಹಾಕಿಸಿದೀನಿ, ನಿಮ್ಮಜ್ಜಿಗೆ ಸೇರಬೇಕಾದ್ದು ಸೇರಬೇಕಲ್ಲ. ಅವಳು ಥ್ಯಾಂಕ್ಸ್ ಎಂದಳು. ಒಳಗೆ ಹೋಗಿ ತೊಟ್ಟಿಲು ತೂಗಿದಳು. ಹೊರೆ ಇಳಿದಿತ್ತು, ಹಡಗು ವಾರ ವಾರ ಬರುತ್ತಲೇ ಇತ್ತು, ಅವಳು ಹತ್ತಲಿಲ್ಲ, ಹತ್ತಬೇಕೆನಿಸಲೂ ಇಲ್ಲ, ಮೂರನೇ ತಿಂಗಳಿಗೆ ಮಗು ನಕ್ಕಿತು — ಅದಕ್ಕೂ ಒಂದು ಹಾಡು ಕಟ್ಟಿದ್ದಾಳೆ, ಅದು ಯಾರ ಡಿಸ್ಕಿನಲ್ಲೂ ಇಲ್ಲ, ಪಾತ್ರೆ ತೊಳೆಯುವ ಸದ್ದಿನಲ್ಲಿದೆ.

ಹತ್ತೂ ಮುಕ್ಕಾಲು. ತಂತಿಗೆ ಇನ್ನೂ ನಾಲ್ಕು ದಿಂಬಿನ ಚೀಲ, ಸಂಪತ್‌ನ ಎರಡು ಅಂಗಿ, ಮಗಳು ಸ್ಪಂದನಾಳ ಯೂನಿಫಾರ್ಮು, ಶಾಲೆ ಮುಚ್ಚಿದ್ದರೂ ತೊಳೆಯುತ್ತಾಳೆ, ತೊಳೆಯದಿದ್ದರೆ ಶಾಲೆ ತೆರೆಯುವುದೇ ಇಲ್ಲವೇನೋ ಎಂಬಂತೆ. ಏನು ಹೇಳುವುದು ರೇಡಿಯೋಗೆ. ನಮ್ಮಜ್ಜಿ ತುಂಬ ಚೆನ್ನಾಗಿ ಹಾಡುತ್ತಿದ್ದಳು — ಎರಡು ನಿಮಿಷ, ಮುಗಿಯಿತು, ನೋರಾಗೆ ಸಮಾಧಾನ, ಡೆನ್ನಿಗೆ ಮರ್ಯಾದೆ. ಇಲ್ಲಾ, ನನ್ನದು ಎಂದರೆ? ಸತ್ತವರ ಮುಂದೆ ನಿಂತು ನನ್ನದು ನನ್ನದು ಅನ್ನುವುದೇ. ಮತ್ತೆ, ನಿಮ್ಮದಾದರೆ ಆ ಹೊರೆ ಯಾವುದು ಎಂದು ಕೇಳಿದರೆ? ಹಿಂಬಾಗಿಲಲ್ಲಿ ಹೊರೆ ನಿಂತಿದೆ, ಎಂಟು ವರ್ಷದ್ದು, ಪೈಜಾಮದಲ್ಲಿ, ಕೈಯಲ್ಲಿ ಟ್ಯಾಬ್ಲೆಟ್ಟು, ಇಲ್ಲಿನ ಮಕ್ಕಳು ಅಮ್ಮನಿಗೆ ಅನ್ನುವ ಹಾಗೆ ಮ್ಯಾಮ್ ಅನ್ನುತ್ತಾಳೆ, ಮ್ಯಾಮ್, ಟೀಚರ್ ಸೇಸ್ ಬ್ರೇಕ್. ಗ್ರ್ಯಾಂಡ್, ಆಯ್ತು ಪುಟ್ಟಾ, ಹಾಲು ಕುಡಿ. ಹೋಗುವುದಿಲ್ಲ. ನಿಂತು ನೋಡುತ್ತಾಳೆ. ಹೋದ ವಾರದಿಂದ ಹೀಗೇ ನೋಡುತ್ತಾಳೆ, ತುಟಿಯವರೆಗೆ ಏನೋ ಬಂದು ತಿರುಗಿ ಹೋಗುತ್ತದೆ, ಮನೆಯ ಹಿರಿಯರ ಬಗ್ಗೆ ಬರೆಯಿರಿ ಎಂಬ ಹೋಮ್‌ವರ್ಕಿನ ದಿನದಿಂದ. ವಿಡಿಯೋದಲ್ಲಿ ನಿಸರ್ಗಾಳ ಅಮ್ಮ ಗೀತಾ ಮೊಮ್ಮಗಳಿಗೆ ಹೇಳುತ್ತಿದ್ದಳು, ನಿನ್ ಮುತ್ತಜ್ಜಿ ಚಳ್ಳಕೆರೆ ಬಿಟ್ಟು ಎಲ್ಲೂ ಹೋದೋಳಲ್ಲ ಕಂದಾ, ಸಮುದ್ರ ಅಂದ್ರೆ ಕ್ಯಾಲೆಂಡರಲ್ಲಿ ನೋಡಿದ್ದೇಯ — ನಿಸರ್ಗಾ ಒಗ್ಗರಣೆಯ ಸೌಟು ಹಿಡಿದು ನಿಂತಿದ್ದಳು, ಸಾಸಿವೆ ಸೀದುಹೋಯಿತು. ಯಾಕೆಂದರೆ ಡಿಸೆಂಬರಿನಲ್ಲಿ, ಆಸ್ಪತ್ರೆಗೆ ಹೋಗುವ ಮುಂಚಿನ ವಾರ, ಡೆನ್ನಿ ಕೆಮ್ಮುತ್ತ ಇದೇ ಗೋಡೆಗೆ ಮೊಣಕೈ ಊರಿ ಕೇಳಿದ್ದರು, ಎಂಟು ವರ್ಷದಲ್ಲಿ ಮೊದಲ ಸಲ ಕೇಳಿದ್ದರು, ನಿಮ್ಮಜ್ಜಿ ಊರಿಗೆ ಹಡಗು ಬರ್ತಿತ್ತಾ ನಿಸರ್ಗಾ? ಸ್ಪಂದನಾ ಸ್ಕೂಟರಿನ ಮೇಲೆ ಅಲ್ಲೇ ಇದ್ದಳು. ಹೂಂ, ಬರ್ತಿತ್ತು ಡೆನ್ನಿ. ಅವರು ತಂತಿಯನ್ನೊಮ್ಮೆ ನೋಡಿದರು, ಅವಳನ್ನೊಮ್ಮೆ ನೋಡಿದರು, ಟೊಪ್ಪಿಗೆ ಸರಿಮಾಡಿಕೊಂಡು ನಕ್ಕರು, ಗ್ರ್ಯಾಂಡ್ ಸೋ, ಸರಿ ಹಾಗಾದ್ರೆ, ಎಂದರು, ಅವರ ನಾಯಿ ಎದ್ದು ಒಳಗೆ ಹೋಯಿತು. ಅವರಿಗೆ ಗೊತ್ತಿತ್ತು. ಬಾಗಿಲು ತೆರೆದಿಟ್ಟು ಕಾದರು, ಒಂದು ಮಾತು ಹೇಳಿದ್ದರೆ ಗೋಡೆಯ ಮೇಲೇ ಮುಗಿಯುತ್ತಿತ್ತು, ಒಬ್ಬ ಹಾಡು ಕಟ್ಟುವವನ ಮುಂದೆ ಇನ್ನೊಬ್ಬ ಹಾಡು ಕಟ್ಟುವವಳು, ಅಷ್ಟೇ, ಈಗ ಹೇಳಲು ಜಾಕೆಟ್ಟು ಮಾತ್ರ ಇದೆ —

ಸ್ವೆಟರಿನ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿದೆ. ಹನ್ನೊಂದು. ಕೈ ಒದ್ದೆ, ಒರೆಸಿಕೊಳ್ಳಬೇಕು, ಹೊದಿಕೆಯ ತುದಿಯನ್ನು ಬಿಡಬೇಕು, ಬಿಟ್ಟರೆ ಮಣ್ಣಿಗೆ ಬೀಳುತ್ತದೆ, ಮತ್ತೆ ತೊಳೆಯಬೇಕು, ನಮ್ಮಜ್ಜಿ ತುಂಬ ಚೆನ್ನಾಗಿ — ಗೋಡೆಯಾಚೆ ಕಿಟಕಿ ತೆರೆದ ಸದ್ದು, ನೋರಾ ರೇಡಿಯೋ ಜೋರು ಮಾಡಿದ್ದಾರೆ, ಮಗು ಬರಿಗಾಲಲ್ಲಿ ಒದ್ದೆ ಹುಲ್ಲಿಗಿಳಿದು ಹತ್ತಿರ ಬಂದಿದ್ದಾಳೆ, ಹೊದಿಕೆಯ ಬಿಟ್ಟುಹೋದ ತುದಿಯನ್ನು ತಾನೇ ಹಿಡಿದಿದ್ದಾಳೆ, ಎರಡು ಮನೆಗಳ ನಡುವೆ ಮೂತಿ ಕಾಣುತ್ತಿದೆ, ಬಿಳಿ, ಪ್ರಯಾಣಿಕರಿಲ್ಲದ ಹಡಗು, ಬರೀ ಲಾರಿಗಳನ್ನು ತುಂಬಿಕೊಂಡು, ತಂತಿಯ ಮೇಲೆ ಕಾಲಿಟ್ಟಿದೆ, ಮೊದಲ ಕ್ಲಿಪ್ಪು ದಾಟಿದೆ, ಎರಡನೆಯದು, ಒದ್ದೆ ಬಟ್ಟೆಯ ಮೇಲೆ, ತಂತಿಯ ಮೇಲೆ, ಮೆಲ್ಲಗೆ, ಹಡಗು.

ಅಮ್ಮಾ, ಎಂದಳು ಸ್ಪಂದನಾ, ಇಂಗ್ಲಿಷಿನಲ್ಲಲ್ಲ, ಒಂದೊಂದೇ ಪದ ಹುಡುಕಿ ಜೋಡಿಸಿ, ಮುತ್ತಜ್ಜಿ ಸಮುದ್ರಾನೇ ನೋಡಿಲ್ವಲ್ಲ — ಹಡಗು ನೋಡಿದ್ದು ಯಾರು?