ಚೀಸ್ ತಟ್ಟುವವನ ತೀರ್ಪು

ವಕೀಲ ಬೊಂದಿಯೊಲಿಯವರ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನ ಇಂಜಿನ್ ಮೂರು ವಾರದಿಂದ ಟಕಟಕ ಎನ್ನುತ್ತಿತ್ತು. ಮೆಕ್ಯಾನಿಕ್ ಓವಿದಿಯೊ ಉದ್ದನೆಯ ಸ್ಕ್ರೂಡ್ರೈವರನ್ನು ಅದಕ್ಕೆ ಆನಿಸಿ, ಹಿಡಿಕೆಗೆ ಕಿವಿಯಿಟ್ಟು ಕೇಳಿ ಕೇಳಿ ಸುಸ್ತಾಗಿದ್ದ. ಆ ಹಾಳು ಸದ್ದು ಎಲ್ಲಿಂದ ಬರುತ್ತಿದೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ಕೊನೆಗೆ ಮಾನ ಮರ್ಯಾದೆ ಬದಿಗಿಟ್ಟು ಜೆರ್ವಾಸಿಯೊನನ್ನು ಕರೆಸಿದ.

ಇಟಲಿಯ ಪಾರ್ಮಾ ಊರಿನ ಸುತ್ತಮುತ್ತ ಅವನಂಥ ಕಿವಿ ಇನ್ನೊಂದಿರಲಿಲ್ಲ. ಗಾಡಿಯ ಚಕ್ರದಂಥ ಚೀಸಿನ ಗಟ್ಟಿಗಳನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ, ಒಳಗಿನ ಬಿರುಕನ್ನು ಹೊರಗಿನಿಂದಲೇ ಹೇಳುವುದು ನಲವತ್ತು ವರ್ಷದಿಂದ ಅವನ ಕಸುಬು. ಬಿರುಕಿದ್ದ ಚೀಸಿನ ಮೈಮೇಲೆ ಅಚ್ಚೊತ್ತಿದ್ದ ಹೆಸರನ್ನು ಅಲ್ಲೇ ಕೆರೆದು ಹಾಕುತ್ತಿದ್ದ. ಆಮೇಲೆ ಅದನ್ನು ತುರಿದು ಮಾರುವುದಷ್ಟೇ ಉಳಿದ ದಾರಿ.

ಜೆರ್ವಾಸಿಯೊ ಇಂಜಿನ್ ಬಂದ್ ಮಾಡಿಸಿ, ಸುತ್ತಲೂ ತಟ್ಟುತ್ತ ಬಂದು ಒಂದು ಕಡೆ ನಿಂತ. "ಇಲ್ಲಿ, ಒಂದು ಗೇಣು ಒಳಗೆ ಏನೋ ಸಡಿಲಾಗಿದೆ. ಬಿಚ್ಚು."

ಓವಿದಿಯೊ ಬಿಚ್ಚಿದ. ಸವೆದ ಬೇರಿಂಗ್ ಸರಿಯಾಗಿ ಅಲ್ಲೇ ಇತ್ತು.

"ನಿನ್ ಕಿವಿಗೆ ಕೈ ಮುಗೀಬೇಕು ಮಾರಾಯ," ಎನ್ನುತ್ತ ಅವನು ಹೊಸದನ್ನು ತರಲು ಒಳಗೆ ಹೋದ. ಬರುವಷ್ಟರಲ್ಲಿ ಜೆರ್ವಾಸಿಯೊ ಚಾಕು ಹಿಡಿದು, ಬಾನೆಟ್ಟಿನ ಮೇಲಿದ್ದ ಕಂಪನಿಯ ಹೆಸರನ್ನು ಪೂರ್ತಿ ಕೆರೆದು ಮುಗಿಸಿದ್ದ.

"ಏನಯ್ಯಾ ಮಾಡ್ದೆ? ರಿಪೇರಿ ಆಗೋ ಗಾಡಿ ಅದು."

"ರಿಪೇರಿ ನಿನ್ ಕೆಲ್ಸ. ಒಳಗೆ ಕೆಟ್ಟಿರೋದರ ಮೇಲೆ ಹೆಸರು ಉಳಿಸೋಕೆ ನನ್ ಕಸುಬು ಒಪ್ಪಲ್ಲ."

"ವಕೀಲರಿಗೆ ಏನಂತ ಹೇಳ್ಲಿ?"

ಜೆರ್ವಾಸಿಯೊ ಚಾಕು ಒರೆಸಿ ಜೇಬಿಗಿಳಿಸಿದ. "ಬೇಜಾರು ಮಾಡ್ಕೋಬೇಡಿ ಅನ್ನು. ತುರಿದು ಮಾರ್ಬಹುದು."